ಎರಡನೇ ರಾಜನ ಅವ್ವ

ಸುಗ್ಗಿ ಮುಗಿದು ಕಣದ ಧೂಳು ಅಡಗುತ್ತಿದ್ದಂತೆ ನನ್ನ ಗಂಡ ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತಾನೆ. ತಟ್ಟೆಯ ಮುಂದೆ ಕೂತು, ಮುದ್ದೆ ಮುರಿಯುತ್ತ, ತಲೆ ಎತ್ತದೆ ಕೇಳುತ್ತಾನೆ.

"ಈ ವರ್ಷ ಎಷ್ಟು ಮದ್ವೆ ಐತೆ ನಿಂಗೆ?"

"ಏಳು," ಎಂದೆ ಈ ಸಲ. "ಅದ್ರಾಗೆ ನಾಲ್ಕು ಸಲ ಗಂಡ ಸಾಯ್ತಾನೆ."

"ಐದನೇದು ನಾನಾಗ್ದಂಗೆ ನೋಡ್ಕಳವ್ವ," ಎಂದು ಇನ್ನೊಂದು ಸೌಟು ಸಾರಿಗೆ ತಟ್ಟೆ ಚಾಚಿದ.

ನಾನು ನಾಟಕದವಳು. ಮನೆ ಚಿತ್ರದುರ್ಗದಲ್ಲಿ, ಮನೆಯ ಗಂಡನಿಗೆ ಅಲ್ಲೇ ಬೈಕ್ ರಿಪೇರಿ ಅಂಗಡಿ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ನಾಟಕ ಆಡುವವರು ಊರಿನ ಗಂಡಸರೇ. ಹೊಲ ಉಳುವವರು, ಅಂಗಡಿಯವರು, ಹಾಲಿನ ಡೇರಿಯವರು ಎಲ್ಲ ಸೇರಿ ಮೂರು ತಿಂಗಳು ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಹಾಡು, ಮಾತು ಕಲಿಯುತ್ತಾರೆ. ಹೆಣ್ಣಿನ ಪಾತ್ರಕ್ಕೆ ಮಾತ್ರ ಹೊರಗಿನಿಂದ ನಮ್ಮಂಥವರನ್ನು ಕರೆಸುತ್ತಾರೆ. ನಾವು ನಾಟಕದ ದಿನವೇ ಬಸ್ಸಿಳಿದು, ಜರಿ ಸೀರೆ ಉಟ್ಟು ನಿಲ್ಲುವವರು. ಮಾತು ಹಾಡು ಎಲ್ಲ ನಮಗೆ ಬಾಯಿಪಾಠ. ಗಂಡ ಯಾರು ಎಂಬುದನ್ನು ಮಾತ್ರ ಅಲ್ಲಿಗೆ ಹೋಗಿ ತಿಳಿದುಕೊಳ್ಳಬೇಕು. ಬಸ್‌ಸ್ಟ್ಯಾಂಡಿನಲ್ಲಿ ಕೆಲವರು "ನಾಟಕದ ಹೆಂಗಸು" ಎಂದು ಮೂತಿ ತಿರುವುತ್ತಾರೆ. ತಿರುವಲಿ. ಅವರ ಊರಿನ ಅರ್ಧ ಗಂಡಸರು ಸ್ಟೇಜಿನ ಮೇಲೆ ನನ್ನ ಮುಂದೆ ಮಂಡಿಯೂರಿ ಅತ್ತಿದ್ದಾರೆ.

ಹಿರಿಯೂರು ತಾಲ್ಲೂಕಿನ ಯಲ್ಲದಕೆರೆ ಕಡೆಯ ಒಂದು ಊರಿನ ತಂಡಕ್ಕೆ ನಾನು ಹದಿನಾರು ವರ್ಷದಿಂದ ರಾಣಿ. ಆ ತಂಡದಲ್ಲಿ ನನಗೆ ಒಂದೇ ನಾಟಕದಲ್ಲಿ ಇಬ್ಬರು ಗಂಡಂದಿರು. ಗಾಬರಿಯಾಗಬೇಡಿ, ಅದು ನಮ್ಮ ಕಡೆಯ ಪದ್ಧತಿ. ರಾಜನ ಪಾತ್ರ ಎಲ್ಲರಿಗೂ ಬೇಕು, ಕಿರೀಟ ಎಲ್ಲರ ತಲೆಗೂ ಬೇಕು. ಅದಕ್ಕೆ ಪಾತ್ರವನ್ನೇ ಎರಡು ಪಾಲು ಮಾಡುತ್ತಾರೆ. ಮೊದಲರ್ಧಕ್ಕೆ ಒಂದನೇ ರಾಜ: ಅವನಿಗೆ ಪ್ರವೇಶದ ಹಾಡು, ಪಟ್ಟಾಭಿಷೇಕ, ನನ್ನ ಜೊತೆ ಮದುವೆ. ಎರಡನೇ ಅರ್ಧಕ್ಕೆ ಎರಡನೇ ರಾಜ: ಅವನಿಗೆ ಯುದ್ಧ, ಗಾಯ, ಸಾವು. ಇಬ್ಬರಿಗೂ ಒಂದೇ ಥರದ ಕಿರೀಟ, ಒಂದೇ ಥರದ ಅಂಗಿ, ಒಂದೇ ಥರದ ಮೀಸೆ. ನೋಡುವವರಿಗೆ ರಾಜ ಒಬ್ಬನೇ ಎನ್ನಿಸಬೇಕು. ಅದಕ್ಕೇ ಒಂದು ಕಟ್ಟುನಿಟ್ಟಿನ ನಿಯಮ: ಒಬ್ಬ ರಾಜ ಸ್ಟೇಜಿನ ಮೇಲಿದ್ದಾಗ ಇನ್ನೊಬ್ಬ ಜನರ ಕಣ್ಣಿಗೆ ಬೀಳಬಾರದು.

ಹದಿನಾರು ವರ್ಷವೂ ಒಂದನೇ ರಾಜ ಒಬ್ಬನೇ, ರಸಗೊಬ್ಬರದ ಅಂಗಡಿಯ ಯಜಮಾನ. ದಪ್ಪ ಗಂಟಲು, ಅದಕ್ಕಿಂತ ದಪ್ಪ ಜಂಬ. ಎರಡನೇ ರಾಜನೂ ಒಬ್ಬನೇ, ಬೋರ್‌ವೆಲ್ ಮೋಟಾರಿಗೆ ವೈರು ಸುತ್ತುವವನು. ಮೆತ್ತನೆಯ ಮನುಷ್ಯ. ಸಾಯುವ ಮುಂಚೆ ನನ್ನ ಕಿವಿಯ ಹತ್ತಿರ ಬಂದು, "ಅಕ್ಕಾ, ಭಾರ ಆದ್ರೆ ಹೇಳ್ರಿ, ತಲೆ ಸ್ವಲ್ಪ ಎತ್ತಿ ಹಿಡ್ಕಂತೀನಿ," ಎನ್ನುವವನು. ಅವನ ತಲೆ ನನ್ನ ತೊಡೆಯ ಮೇಲೆ ಇರಬೇಕಲ್ಲ, ಅದಕ್ಕೆ.

ಈ ವರ್ಷ ಜಿಲ್ಲೆಯ ನಾಟಕಗಳ ಪಟ್ಟಿ ವಾಟ್ಸಾಪಿನಲ್ಲಿ ಬಂತು. ಹೊಸದುರ್ಗದ ಸಭಾಭವನದಲ್ಲಿ ಒಂದು ವಾರ ಹಗಲು ನಾಟಕ. ದಿನಕ್ಕೊಂದು ಊರಿನ ತಂಡ. ಬೆಳಿಗ್ಗೆ ಹತ್ತಕ್ಕೆ ಶುರು, ಮಧ್ಯಾಹ್ನ ಚಿತ್ರಾನ್ನ ಮೊಸರನ್ನ, ನಾಲ್ಕೂವರೆಗೆ ಮಂಗಳ. ಜನ ಬೆಳಕಿರುವಾಗಲೇ ಬಸ್ಸು ಹಿಡಿದು ಮನೆ ಸೇರಬಹುದು. ಹೊಳಲ್ಕೆರೆ ಕಡೆಯವರು ಸೋಮವಾರ, ನಮ್ಮ ತಂಡ ಗುರುವಾರ. ಪಟ್ಟಿಯ ಹಿಂದೆಯೇ ಹಾರ್ಮೋನಿಯಂ ಮೇಷ್ಟ್ರ ಫೋನು.

"ಹ್ಯಾಂಡ್‌ಬಿಲ್ ಮಾಡಿಸ್ಬೇಕು ಕಣಮ್ಮ. ಹೋದ್ ವರ್ಷ ನಿನ್ ಫೋನಾಗೆ ಫೋಟೋ ತಗ್ದಿದ್ರಲ್ಲ, ರಾಜರದ್ದು ಎರಡೂ ಪ್ರೆಸ್ಸಿಗೆ ಕಳಿಸಿಬಿಡು. ಮೊದಲು ಒಂದನೇ ರಾಜ, ಆಮೇಲೆ ಎರಡನೇ ರಾಜ."

ಆ ತಂಡದ ಹ್ಯಾಂಡ್‌ಬಿಲ್ಲಿನಲ್ಲಿ ಹೆಸರು ಹಾಕುವುದಿಲ್ಲ. ಹಿಂದೊಮ್ಮೆ ಯಾರ ಹೆಸರು ದಪ್ಪಕ್ಷರ, ಯಾರದು ಸಣ್ಣಕ್ಷರ ಎಂದು ಊರೇ ಎರಡಾಗಿತ್ತಂತೆ. ಅಂದಿನಿಂದ ಬರೀ ಫೋಟೋ, ಕೆಳಗೆ ಪಾತ್ರ. ನಾನು ಒಲೆಯ ಮೇಲೆ ಹಾಲಿಟ್ಟುಕೊಂಡು ಫೋಟೋ ಹುಡುಕಿದೆ. ಸಿಕ್ಕವು. ಎರಡೂ ಕಿರೀಟ, ಎರಡೂ ಮೀಸೆ. ಇವನು ಅವನೋ, ಅವನು ಇವನೋ? ಹಾಲು ಉಕ್ಕುತ್ತಿತ್ತು. ಇರಲಿ ಎಂದು ಒಂದರ ಹಿಂದೆ ಒಂದು ಒತ್ತಿ ಕಳಿಸಿಬಿಟ್ಟೆ. ಹದಿನಾರು ವರ್ಷ ಸಂಸಾರ ಮಾಡಿದವಳಿಗೇ ಗಂಡಂದಿರ ಗುರುತು ಸಿಗಲಿಲ್ಲ ಎಂದರೆ ಆ ಮೀಸೆ ಅಂಟಿಸಿದವನನ್ನು ಬೈಯಬೇಕೋ ನನ್ನನ್ನು ಬೈಯಬೇಕೋ ನೀವೇ ಹೇಳಿ.

ಮೂರನೇ ದಿನ ಮೇಷ್ಟ್ರು ಮತ್ತೆ ಫೋನು ಮಾಡಿದರು.

"ಏನ್ ಮಾಡಿದ್ಯಮ್ಮ ತಾಯಿ! ಅದಲು ಬದಲಾಗೈತೆ. ಒಂದನೇ ರಾಜನ ಜಾಗದಾಗೆ ಮೋಟಾರು ಸುತ್ತೋನು ಕುಂತವ್ನೆ. ಎಡಹುಬ್ಬಿನ ಮೇಲೆ ಗಾಯದ ಗುರುತು ಐತಲ್ಲ, ಅದೂ ಕಾಣ್ತೈತೆ. ಊರೆಲ್ಲ ನೋಡೈತೆ."

"ಅಯ್ಯೋ ಶಿವನೇ. ಬೇರೆ ಅಚ್ಚು ಹಾಕ್ಸಿ ಮೇಷ್ಟ್ರೇ."

"ಹಾಕ್ಸಾಕೆ ಆದ್ರೆ ನಿಂಗ್ಯಾಕೆ ಫೋನ್ ಮಾಡ್ತಿದ್ದೆ? ನಿನ್ನೆ ಮಂಗಳವಾರ. ಅಮ್ಮನ ಪಾದದಾಗೆ ಇಟ್ಟು ಪೂಜೆ ಆಗೋತು."

ಇದು ಇನ್ನೊಂದು ಪದ್ಧತಿ. ಪ್ರೆಸ್ಸಿನಿಂದ ಬಂದ ಕಟ್ಟನ್ನು ಬಿಚ್ಚದೆ, ಮೇಲೆ ಸುತ್ತಿದ ಕಾಗದಕ್ಕೇ ಅರಿಶಿನ ಕುಂಕುಮ ಹಚ್ಚಿ ಊರ ಅಮ್ಮನ ಪಾದದ ಹತ್ತಿರ ಇಡುತ್ತಾರೆ. ಅಲ್ಲಿ ಇಟ್ಟದ್ದು ಅಮ್ಮನಿಗೆ ಕೊಟ್ಟ ಮಾತು. ಮಳೆ ಬರಲಿ, ಕರೆಂಟು ಹೋಗಲಿ, ಹಾಳೆಯಲ್ಲಿ ಇದ್ದದ್ದು ಇದ್ದ ಹಾಗೆ ನಡೆಯಬೇಕು. ಯಾರೂ ಬಿಚ್ಚಿ ನೋಡಿರಲಿಲ್ಲ. ನೋಡಿದ್ದು ಪೂಜೆ ಆದ ಮೇಲೆ.

ನಾನೇ ಹೋಗಿ ತಪ್ಪಾಯಿತು ಎಂದು ಹೇಳೋಣ, ಅಮ್ಮನಿಗೆ ಒಂದು ತಪ್ಪುಕಾಣಿಕೆ ಹಾಕಿಬಿಟ್ಟರೆ ಸರಿಹೋದೀತು ಎಂದು ಹಿರಿಯೂರಿಗೆ ಹೋಗಿ, ಹುಳಿಯಾರು ಬಸ್ಸು ಹತ್ತಿದೆ. ಮೊದಲು ಎರಡನೇ ರಾಜನ ಮನೆಗೇ ಹೋದೆ. ಅವನು ಮೆತ್ತಗಿನವನು, ಅವನಿಗೆ ಹೇಳುವುದು ಸುಲಭ ಎಂಬ ಲೆಕ್ಕಾಚಾರ.

ಜಗುಲಿಯ ಮೇಲೆ ಅವನ ಅವ್ವ ಕೂತಿದ್ದಳು. ಎಂಬತ್ತು ದಾಟಿದ ಅಜ್ಜಿ. ಒಂದು ಕಣ್ಣಿಗೆ ಆಪರೇಷನ್ ಆಗಿದೆ, ಇನ್ನೊಂದಕ್ಕೆ ಆಗಬೇಕು. ಮಡಿಲಲ್ಲಿ ನಮ್ಮ ಹ್ಯಾಂಡ್‌ಬಿಲ್ಲು! ನನ್ನ ದನಿ ಕೇಳಿದ್ದೇ ತಡ, ಕೈ ಹಿಡಿದು ಎಳೆದಳು.

"ಬಾರವ್ವ, ಕುಂತ್ಕ. ನೋಡಿದ್ಯಾ? ಈ ಸಲ ನನ್ನ ಮಗ ಸಾಯಲ್ಲ! ಮದ್ವೆ ಆಗ್ತಾನೆ! ನಾನು ಹೊಸದುರ್ಗಕ್ಕೆ ಬರ್ತೀನಿ."

ನನಗೆ ಅರ್ಥವಾಗಲಿಲ್ಲ. ಮಗ ಒಳಗಿನಿಂದ ಬಂದು ತಲೆ ತಗ್ಗಿಸಿ ಹೇಳಿದ. ಅವ್ವ ಇಲ್ಲಿಯವರೆಗೆ ಅವನ ವೇಷವನ್ನು ಒಂದು ಸಲವೂ ನೋಡಿಲ್ಲ. ಪ್ರತಿ ವರ್ಷ ಚಾಪೆ ಹಿಡಿದು ಮುಂದೆಯೇ ಬಂದು ಕೂರುತ್ತಿದ್ದಳಂತೆ. ಯುದ್ಧದ ಕಹಳೆ ಊದಿ, ಎರಡನೇ ರಾಜ ಬರುತ್ತಾನೆ ಎನ್ನುವಾಗ ಚಾಪೆ ಸುತ್ತಿಕೊಂಡು ಎದ್ದುಬಿಡುತ್ತಿದ್ದಳಂತೆ.

"ಎದ್ದೇಳ್ದೆ ಇನ್ನೇನು?" ಎಂದು ಅಜ್ಜಿ ನನ್ನನ್ನೇ ಗದರಿಸಿದಳು. "ಹೆತ್ತ ಕಣ್ಣಾಗೆ ಮಗ ಸಾಯೋದ ನೋಡಾಕಾಗ್ತೈತಾ? ನಾಟ್ಕ ಅಂತೆ ನಾಟ್ಕ. ಬಿಡ್ತು ಅನ್ನು. ನಾಲ್ಕು ಜನ ಬೀದಿಯಾಗೆ 'ಏನ್ ಚೆನ್ನಾಗಿ ಸತ್ತ ನಿನ್ ಮಗ' ಅಂತಾರೆ, ಬಾಯಿಗೆ ಹುಳ ಬೀಳ!"

ನಾನು ಹೇಳಬೇಕೆಂದು ಬಂದದ್ದು ನಾಲಿಗೆಯ ತುದಿಯಲ್ಲೇ ಉಳಿಯಿತು. ಮಗ ನನ್ನನ್ನು ಬಸ್‌ಸ್ಟಾಪಿನವರೆಗೆ ಬಿಡಲು ಬಂದ. ದಾರಿಯಲ್ಲಿ, "ಅಕ್ಕಾ, ತಪ್ಪಾಗಿ ಅಚ್ಚಾಗೈತೆ ಅಂತ ನಂಗೆ ಗೊತ್ತು. ಸರಿ ಮಾಡ್ಸಾಕೆ ಬಂದೀರಿ. ಮಾಡ್ಸಿ, ನಾನೇನೂ ಅನ್ಕಳಲ್ಲ," ಎಂದ. ಬಸ್‌ಸ್ಟಾಪು ಬಂದಾಗ, "ಅವ್ವ ನನ್ನ ಒಂದ್ ಸಲ ನೋಡಿದ್ರೆ ಸಾಕಾಗಿತ್ತು," ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬಂದ ಬಸ್ಸನ್ನು ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಗೊಬ್ಬರದ ಅಂಗಡಿಗೆ ನಡೆದೆ.

ಒಂದನೇ ರಾಜ ಚೀಲಗಳ ನಡುವೆ ಕುರ್ಚಿ ಹಾಕಿ ಕೂತಿದ್ದ. ಮೇಷ್ಟ್ರು ಆಗಲೇ ಬಂದು ಬೈಸಿಕೊಳ್ಳುತ್ತಿದ್ದರು.

"ಬಂದ್ಯಾ ಮಹಾರಾಣಿ! ಹದಿನಾರು ವರ್ಷದ ಮರ್ಯಾದೆ ಮೂರು ಕಾಸಿಗೆ ಕಳ್ದೆ. ಊರ ತುಂಬ ನನ್ ಫೋಟೋ ಕೆಳಗೆ, ಅವನ್ದು ಮ್ಯಾಲೆ!"

"ತಪ್ಪು ನಂದೇ ಯಜಮಾನ್ರೇ. ಆದ್ರೆ ಅಮ್ಮನ ಪಾದಕ್ಕೆ ಬಿದ್ದದ್ದು ಹಂಗೇ ಇರ್ಲಿ. ಈ ಸಲ ನೀವು ಎರಡನೇ ರಾಜ ಆಗಿ."

ಅವನು ಕುರ್ಚಿಯಿಂದ ಎದ್ದ. ಬೈಯುತ್ತಾನೆ ಎಂದುಕೊಂಡರೆ ದನಿ ಇಳಿಸಿ, ಅತ್ತ ಇತ್ತ ನೋಡಿ, "ನಂಗೆ ಸಾಯಾಕೆ ಬರಲ್ಲ ಕಣಮ್ಮ," ಎಂದ.

ನನಗೆ ನಗು ತಡೆಯಲಾಗಲಿಲ್ಲ. ಮೇಷ್ಟ್ರೂ ಕೆಮ್ಮಿನ ನೆಪದಲ್ಲಿ ಆ ಕಡೆ ತಿರುಗಿದರು. ಅವನಿಗೆ ಮೊಣಕಾಲು ನೋವು; ಬೀಳುವುದೆಂದರೆ ಭಯ. ಅದಕ್ಕೇ ಇಷ್ಟು ವರ್ಷ ಮೊದಲರ್ಧ ಬಿಟ್ಟುಕೊಟ್ಟಿರಲಿಲ್ಲ. ನಾವು ಅದನ್ನು ಬರೀ ಜಂಬ ಎಂದುಕೊಂಡಿದ್ದೆವು.

ನಾನು ಅಜ್ಜಿಯ ವಿಷಯ ಹೇಳಿದೆ. ಚಾಪೆ ಸುತ್ತಿಕೊಂಡು ಎದ್ದು ಹೋಗುವುದನ್ನೂ ಹೇಳಿದೆ. ಅವನು ಚೀಲದ ದಾರ ಕೀಳುತ್ತ ಕೇಳಿಸಿಕೊಂಡ.

"ನಮ್ಮವ್ವ ನಾನು ಆರನೇ ಕ್ಲಾಸಾಗಿದ್ದಾಗ್ಲೇ ಹೋದ್ಲು," ಎಂದ ಕೊನೆಗೆ. "ನನ್ನ ವೇಷ ಅವಳೂ ನೋಡ್ಲಿಲ್ಲ." ಆಮೇಲೆ ಮೇಷ್ಟ್ರ ಮೇಲೆ ರೇಗಿದ. "ಏನ್ ನೋಡ್ತೀರಿ? ಸಾಯೋದು ಹೆಂಗೆ ಅಂತ ಕಲ್ಸಿ!"

ಅಂದು ಮಧ್ಯಾಹ್ನ ಒಂದನೇ ರಾಜ ಯೂರಿಯಾ ಚೀಲಗಳ ಮೇಲೆ ಹನ್ನೊಂದು ಸಲ ಸತ್ತ. ಮೊದಲ ನಾಲ್ಕು ಸಲ ಬೀಳುವ ಮುಂಚೆ ಎರಡೂ ಕೈ ಊರಿ, ಪಂಕ್ತಿಯಲ್ಲಿ ಊಟಕ್ಕೆ ಕೂರುವವನಂತೆ ಮೆಲ್ಲಗೆ ಕೂತ. "ಇದು ಸಾವಲ್ಲ ಯಜಮಾನ್ರೇ, ಇದು ವಿಶ್ರಾಂತಿ," ಎಂದರು ಮೇಷ್ಟ್ರು. ಗೊಬ್ಬರಕ್ಕೆ ಬಂದ ರೈತರು ಹೊರಗೆ ನಿಂತು, "ಸಾವ್ಕಾರ್ರೆ, ಬಲಗಡೀಕೆ ಬೀಳ್ರಿ, ಎಡಗಡೆ ತೂಕದ ಕಲ್ಲು ಅವೆ," ಎಂದು ಬುದ್ಧಿ ಹೇಳಿದರು. ಹನ್ನೊಂದನೇ ಸಾವು ಪರವಾಗಿಲ್ಲ ಎನ್ನುವಂತಿತ್ತು.

ಗುರುವಾರ ಹೊಸದುರ್ಗ. ಸಭಾಭವನದ ಮುಂದೆ ತೆಂಗಿನ ಗರಿ ಕಟ್ಟಿ, ಪೂಜೆಯಾದ ಅದೇ ಹಾಳೆಯನ್ನು ಬಾಗಿಲಿಗೆ ಅಂಟಿಸಿದ್ದರು. ಎರಡು ಬಸ್ಸು ತುಂಬ ಊರವರು. ಮುಂದಿನ ಸಾಲಿನ ನಟ್ಟನಡುವೆ ಅಜ್ಜಿ, ಹೊಸ ಇಳಕಲ್ಲು ಸೀರೆ, ಮಡಿಲಲ್ಲಿ ಒಂದು ಸ್ಟೀಲಿನ ಡಬ್ಬಿ. ಒಳಗೆ ಮಗ ಕಿರೀಟವನ್ನು ಮತ್ತೆ ಮತ್ತೆ ತೆಗೆದು ಇಟ್ಟುಕೊಳ್ಳುತ್ತಿದ್ದ.

"ಅಕ್ಕಾ, ಸಾಯೋದಾದ್ರೆ ಏನೂ ಭಯ ಇರ್ಲಿಲ್ಲ."

"ಲೇ, ಹದಿನಾರು ವರ್ಷ ಸೈಡಿನಾಗೆ ನಿಂತು ಕೇಳಿದ ಹಾಡು. ಹೋಗು, ನಿಮ್ಮವ್ವ ಕುಂತವ್ಳೆ," ಎಂದು ಬೆನ್ನಿಗೆ ಒಂದು ಕೊಟ್ಟೆ.

ಹೋದ. ಹಾಡಿನ ಮೊದಲ ಸಾಲಿಗೇ ದನಿ ಬಿರುಕು ಬಿಟ್ಟಿತು. ಎರಡನೇ ಸಾಲಿಗೆ ಮೇಷ್ಟ್ರು ಹಾರ್ಮೋನಿಯಂ ಜೋರು ಮಾಡಿ ಎತ್ತಿ ಕೊಟ್ಟರು. ಮೂರನೇ ಸಾಲಿಗೆ ಅವನೇ ಎತ್ತಿದ. ಎಂಥ ಗಂಟಲು ಅಂತೀರಿ! ಇಷ್ಟು ವರ್ಷ ಅದನ್ನು ನರಳುವುದಕ್ಕೆ ಮಾತ್ರ ಬಳಸಿದ್ದೆವಲ್ಲ ಎಂದು ನನ್ನ ಹೊಟ್ಟೆ ಉರಿಯಿತು. ಅಜ್ಜಿ ಎದ್ದು ನಿಂತು, ನಾಟಕಕ್ಕೆ ಬೆನ್ನು ಮಾಡಿ, ಜನರ ಕಡೆ ತಿರುಗಿ ಕೂಗಿದಳು. "ನನ್ನ ಮಗ! ಇವನು ನನ್ನ ಮಗ!" ಜನ ಚಪ್ಪಾಳೆ ಹೊಡೆದರು. ಮದುವೆಯ ದೃಶ್ಯದಲ್ಲಿ ಸೆರಗಿನ ಗಂಟು ಬಿಚ್ಚಿ, ನಿಜವಾದ ಅಕ್ಷತೆ ತೆಗೆದು ನಮ್ಮ ಮೇಲೆ ಎಸೆದಳು. ಪಕ್ಕದವಳಿಗೆ ಹೇಳಿದ್ದು ಸ್ಟೇಜಿನವರೆಗೆ ಕೇಳಿಸಿತು. "ಸೊಸೆ ಚೆನ್ನಾಗವ್ಳೆ. ಒಸಿ ವಯಸ್ಸಾಗೈತೆ, ಇರ್ಲಿ."

ಇರಲಂತೆ! ನಾನು ನಾಚಿದ ಹಾಗೆ ತಲೆ ತಗ್ಗಿಸಿ ನಕ್ಕೆ.

ಊಟದ ಹೊತ್ತಿಗೆ ಮಗ ಅವ್ವನನ್ನು ಊರಿಗೆ ಕಳಿಸಲು ಕಾರು ಗೊತ್ತುಮಾಡಿದ್ದ. ಅವಳು ಏಳಲಿಲ್ಲ. "ಎರಡನೇ ಅರ್ಧದಾಗೆ ನೀನು ಸಾಯ್ತೀಯಾ?" ಎಂದು ಕೇಳಿ ಕಳಿಸಿದಳು. ಇಲ್ಲ, ಬೇರೆಯವರು ಎಂದು ಹೇಳಿ ಕಳಿಸಿದ. "ಹಂಗಾರೆ ಕುಂತ್ಕಂತೀನಿ, ಇಷ್ಟು ದೂರ ಬಂದು ಅರ್ಧ ನೋಡ್ಕಂಡು ಹೋಗ್ತಾರಾ ಯಾರಾದ್ರೂ?" ಎಂದಳಂತೆ, ಹದಿನಾರು ವರ್ಷ ಅರ್ಧವೇ ನೋಡಿಕೊಂಡು ಹೋದವಳು!

ಕಹಳೆ ಮೊಳಗಿತು. ಗೊಬ್ಬರದಂಗಡಿ ಯಜಮಾನ ಕತ್ತಿ ಹಿಡಿದು ಬಂದ. ಅದೇ ಕಿರೀಟ, ಅದೇ ಅಂಗಿ, ಅದೇ ಮೀಸೆ. ನಾವು ಯಾರೂ ಯೋಚಿಸದೇ ಇದ್ದದ್ದು ಅದೇ. ಆಪರೇಷನ್ ಆದ ಒಂದೇ ಕಣ್ಣಿಗೆ ಆ ರಾಜನಿಗೂ ಈ ರಾಜನಿಗೂ ಏನು ವ್ಯತ್ಯಾಸ? ಫೋನು ಕೈಯಲ್ಲಿ ಹಿಡಿದ ನನಗೇ ಗೊತ್ತಾಗಿರಲಿಲ್ಲ. ಶತ್ರುವಿನ ಕತ್ತಿ ರಾಜನ ಭುಜಕ್ಕೆ ತಗುಲಿತು, ಅಜ್ಜಿ ಡಬ್ಬಿ ಬಿಟ್ಟು ಎದ್ದಳು.

"ಏಯ್! ನನ್ನ ಮಗ ಸಾಯಲ್ಲ ಅಂತ ಹೇಳ್ಕಳ್ಸಿದ್ದ! ನಿಲ್ಸ್ರೋ! ಯಾರ್ ಹೇಳಿದ್ದು ಸಾಯ್ಸಾಕೆ?"

ದನಿಯಲ್ಲಿ ನಾಟಕ ಇರಲಿಲ್ಲ. ಯಜಮಾನ ಕತ್ತಿ ಎತ್ತಿದವನು ಎತ್ತಿಕೊಂಡೇ ನಿಂತ. ಹಾರ್ಮೋನಿಯಂ ನಿಂತಿತು. ಅಷ್ಟರಲ್ಲಿ ಸೈಡಿನಲ್ಲಿ ನಿಂತಿದ್ದ ನನ್ನ ಪಕ್ಕದ ಪರದೆ ಸರಿಯಿತು. ವೇಷ ಕಳಚದೇ ನಿಂತಿದ್ದ ಮಗ, ಕಿರೀಟ ಹಿಡಿದುಕೊಂಡು ಸ್ಟೇಜಿನಿಂದ ಕೆಳಕ್ಕೆ ಧುಮುಕಿದ. ಜನರೆದುರಿಗೆ ಒಂದೇ ಸಲಕ್ಕೆ ಇಬ್ಬರು ರಾಜರು! ಹದಿನಾರು ವರ್ಷದ ನಿಯಮ ಅಲ್ಲಿಗೆ ಮಣ್ಣುಪಾಲು. ಜನ ಹೋ ಎಂದು ಕೂಗಿ, ಶಿಳ್ಳೆ ಹಾಕಿ, ಕುರ್ಚಿ ಬಡಿದರು.

ಮಗ ಅವ್ವನ ಪಕ್ಕದಲ್ಲಿ ಕೂತ. ಅವಳ ಕೈಯನ್ನು ತನ್ನ ಹುಬ್ಬಿನ ಗಾಯದ ಮೇಲೆ ಇಟ್ಟುಕೊಂಡ. "ನಾನು ಇಲ್ಲೇ ಇದ್ದೀನವ್ವ. ಅಲ್ಲಿರೋದು ಬೇರೆಯವ್ರು. ಕುಂತ್ಕ."

ಅಜ್ಜಿ ಅವನ ಮುಖವನ್ನು ಎರಡೆರಡು ಸಲ ಸವರಿದಳು. ಆಮೇಲೆ ಕೂತಳು. ಅವನ ಕೈ ಮಾತ್ರ ಬಿಡಲಿಲ್ಲ. ನಾನು ಯಜಮಾನನ ಕಡೆ ನೋಡಿದೆ. ಈಗ ಸಿಡಿಯುತ್ತಾನೆ, ಕತ್ತಿ ಬಿಸಾಕಿ ಹೋಗುತ್ತಾನೆ ಎಂದುಕೊಂಡೆ. ಅವನು ಮೇಷ್ಟ್ರಿಗೆ ಕಣ್ಣಲ್ಲೇ ಸನ್ನೆ ಮಾಡಿದ. ಹಾರ್ಮೋನಿಯಂ ಮತ್ತೆ ಹೊರಟಿತು.

ಏನು ಸತ್ತ ಮಹಾರಾಯ! ಮೊಣಕಾಲು ನೋವು ಎಲ್ಲಿ ಹೋಯಿತೋ. ತೂರಾಡಿ, ಎರಡು ಸಲ ಎದ್ದು, ಮೂರನೇ ಸಲ ಧೊಪ್ಪೆಂದು ಬಿದ್ದ. ನಾನು ಓಡಿ ಬಂದು ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡೆ. ಸಭೆಯಲ್ಲಿ ಕೆಮ್ಮು ಕೂಡ ಇರಲಿಲ್ಲ. ನಾನು ಗೋಳಿನ ಹಾಡಿಗೆ ಉಸಿರು ಎಳೆದುಕೊಳ್ಳುವಷ್ಟರಲ್ಲಿ ಮುಂದಿನ ಸಾಲಿನಿಂದ ಅಜ್ಜಿಯ ದನಿ ಬಂತು. ಮಗನ ಕೈ ಹಿಡಿದುಕೊಂಡೇ, ತನ್ನಷ್ಟಕ್ಕೆ ಹೇಳಿಕೊಂಡಳು.

"ಪಾಪ, ಯಾವ ತಾಯಿ ಹೆತ್ತ ಮಗನೋ. ಅವರವ್ವ ನೋಡಿದ್ರೆ ತಡ್ಕಂತಿದ್ಲಾ?"

ನನ್ನ ತೊಡೆಯ ಮೇಲಿದ್ದ ಸತ್ತ ರಾಜನ ಮುಚ್ಚಿದ ಕಣ್ಣಿನಿಂದ ನೀರು ಇಳಿದು, ಬಣ್ಣ ಕಲಸಿಕೊಂಡು ನನ್ನ ಜರಿ ಸೀರೆಗೆ ಬಿತ್ತು. ನನಗೆ ಹಾಡು ಬರಲಿಲ್ಲ. ಸಾವಿರ ಸಲ ಹಾಡಿದ ಹಾಡು. ಅಲ್ಲಿ ನಾನು ಅತ್ತದ್ದು ನಿಜವಾಗಿಯೂ ಅತ್ತದ್ದು; ಮೇಷ್ಟ್ರು ಬರೀ ಹಾರ್ಮೋನಿಯಂನಲ್ಲೇ ಹಾಡನ್ನು ಮುಗಿಸಿದರು.

ಪರದೆ ಬಿದ್ದ ಮೇಲೆ ಅಜ್ಜಿ ಮಗನ ತೋಳು ಹಿಡಿದು ಒಳಗೆ ಬಂದಳು. "ಸತ್ತೋನು ಎಲ್ಲವ್ನೆ?" ಎಂದು ಕೇಳಿದಳು. ಯಜಮಾನ ಟ್ರಂಕಿನ ಮೇಲೆ ಕೂತು ಮೊಣಕಾಲು ಉಜ್ಜಿಕೊಳ್ಳುತ್ತಿದ್ದ. ಅವನ ಮುಂದೆ ನಿಂತು, ಎರಡೂ ಕೈಯಿಂದ ಕೆನ್ನೆ, ಹಣೆ, ಭುಜ ಎಲ್ಲ ಮುಟ್ಟಿ ನೋಡಿದಳು.

"ಇದ್ದೀಯೇನಪ್ಪ?"

"ಇದ್ದೀನವ್ವ," ಎಂದ ಅವನು.

ಡಬ್ಬಿ ತೆಗೆದು, ತಂಬಿಟ್ಟಿನ ಉಂಡೆಯೊಂದನ್ನು ಅವನ ಬಾಯಿಗೇ ಇಟ್ಟಳು. ಅವಳ ಮಗ ಕಿರೀಟ ಇಟ್ಟುಕೊಂಡೇ ತಕರಾರು ತೆಗೆದ. "ಯವ್ವಾ, ಅದು ನಂಗೆ ಅಂತ ತಂದಿದ್ದಲ್ವಾ?"

"ನಿಂಗೇನಾಗೈತೋ, ಮದ್ವೆ ಮಾಡ್ಕಂಡು ಗಟ್ಟಿಮುಟ್ಟಾಗಿದ್ದೀಯ. ಇವನು ಸತ್ತು ಬಂದವ್ನೆ. ಇವನಿಗಲ್ವಾ ಬೇಕು?"

ಯಜಮಾನ ತಲೆ ಬಗ್ಗಿಸಿ ಉಂಡೆ ಅಗಿದ. ಮೀಸೆಯ ಒಂದು ತುದಿ ಕಿತ್ತು ಜೋತುಬಿದ್ದಿತ್ತು, ಅದರ ಮೇಲೆಲ್ಲ ತಂಬಿಟ್ಟಿನ ಪುಡಿ. ನುಂಗಿದವನು ಮೇಷ್ಟ್ರನ್ನು ಕರೆದ.

"ಮೇಷ್ಟ್ರೇ, ಬರೋ ವರ್ಷದ ಹ್ಯಾಂಡ್‌ಬಿಲ್ಲಿಗೆ ಈಗ್ಲೇ ಹೇಳಿರ್ತೀನಿ. ಸಾಯೋ ರಾಜ ನಾನೇ. ಅದನ್ನ ಯಾರಿಗೂ ಕೊಡಂಗಿಲ್ಲ."

ಅಜ್ಜಿ ಡಬ್ಬಿಯಿಂದ ಇನ್ನೊಂದು ಉಂಡೆ ತೆಗೆದು ಅವನ ಕೈಗಿಟ್ಟಳು.